ಸೂರ್ಯನ ಕುದುರೆ ಮತ್ತು ನೀರುಕಡ್ಡಿ: ಬೇರೆ ಬೇರೆ ನೆಲೆಯ ಎರಡು ಬೇಟೆಗಾರ ಕೀಟಗಳನ್ನು ಹೋಲಿಸುವುದು ಹೇಗೆ?

ಎರಡು ಕೀಟಗಳನ್ನು ಹೋಲಿಸಿ ಎಂದರೆ ಹೆಚ್ಚಿನವರು ಮೊದಲು ಕಾಗದದ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು. ಬಣ್ಣ, ಉದ್ದ, ಆಹಾರ, ವಾಸಸ್ಥಳ ಅಂತ ತುಂಬುತ್ತಾ ಹೋಗುತ್ತಾರೆ. ಒಂದು ಹಸಿರು, ಇನ್ನೊಂದು ಕಂದು. ಒಂದು ಗಿಡದ ಮೇಲೆ, ಇನ್ನೊಂದು ನೀರಿನಲ್ಲಿ. ಪಟ್ಟಿ ತುಂಬುತ್ತದೆ, ಆದರೆ ಅದರಿಂದ ಹೊಸದಾಗಿ ಏನೂ ತಿಳಿಯುವುದಿಲ್ಲ. ಅದು ಎರಡು ಪರಿಚಯ ಚೀಟಿಗಳನ್ನು ಅಕ್ಕಪಕ್ಕ ಅಂಟಿಸಿದ್ದು ಅಷ್ಟೇ.

ನಿಜವಾದ ಹೋಲಿಕೆಯಲ್ಲಿ ಎರಡೂ ಜೀವಿಗಳ ಮುಂದೆ ಒಂದೇ ಪ್ರಶ್ನೆ ಇಡಬೇಕು. ಎರಡೂ ಅದಕ್ಕೆ ಹೇಗೆ ಉತ್ತರ ಕಂಡುಕೊಂಡಿವೆ ಅಂತ ನೋಡಬೇಕು. ಇಲ್ಲಿ ಹೇಳುವ ವಿಧಾನ ಯಾವ ಜೋಡಿಗಾದರೂ ಆಗುತ್ತದೆ. ಆದರೆ ಹಿಡಿಯಲು ಒಂದು ಉದಾಹರಣೆ ಬೇಕಲ್ವಾ? ಅದಕ್ಕೆ ನನಗೆ ತುಂಬ ಇಷ್ಟವಾದ ಜೋಡಿಯನ್ನೇ ತೆಗೆದುಕೊಂಡಿದ್ದೇನೆ.

ಹೆಜ್ಜೆ 1: ಜೋಡಿಯನ್ನು ಆರಿಸಿ

ಜೋಡಿಯಲ್ಲಿ ಒಂದು ಮುಖ್ಯ ವಿಷಯ ಸಮಾನವಾಗಿರಬೇಕು, ಒಂದು ಮುಖ್ಯ ವಿಷಯ ಬೇರೆಯಾಗಿರಬೇಕು. ಎಲ್ಲವೂ ಬೇರೆಯಾದರೆ ಹೋಲಿಸಲು ಹಿಡಿತವೇ ಸಿಗುವುದಿಲ್ಲ. ಏರೋಪ್ಲೇನ್ ಚಿಟ್ಟೆ ಹಾರುತ್ತಲೇ ಬೇಟೆ ಹಿಡಿಯುತ್ತದೆ. ಅದನ್ನು ಮರಳಿನಲ್ಲಿ ಗುಂಡಿ ತೋಡಿ ಕಾಯುವ ಹುಳದ ಜೊತೆ ಇಟ್ಟರೆ ನೆಲೆಯೂ ಬೇರೆ, ಬೇಟೆಯ ರೀತಿಯೂ ಬೇರೆ, ದೇಹವೂ ಬೇರೆ. ಯಾವ ವ್ಯತ್ಯಾಸ ಯಾವುದರಿಂದ ಬಂತು ಅಂತ ಹೇಳುವುದು ಹೇಗೆ?

ನಮ್ಮ ಜೋಡಿ ಇದು. ಮೊದಲನೆಯದು ಸೂರ್ಯನ ಕುದುರೆಗಳ ಪೈಕಿ ಯುರೋಪ್, ಏಷ್ಯಾ, ಆಫ್ರಿಕಾಗಳಲ್ಲಿ ಹರಡಿರುವ ಮ್ಯಾಂಟಿಸ್ ರೆಲಿಜಿಯೋಸಾ. ಹುಲ್ಲು, ಪೊದೆ, ಬಿಸಿಲು ಬೀಳುವ ಜಾಗ ಇದರ ನೆಲೆ. ಎರಡನೆಯದು ರಾನಾಟ್ರಾ ಲಿನಿಯಾರಿಸ್. ಕಡ್ಡಿಯಂಥ ಮೈ, ಹಿಂಬದಿಯಲ್ಲಿ ಬಾಲದಂಥ ಉದ್ದ ಕೊಳವೆ, ನಿಂತ ನೀರಿನ ಸಸ್ಯಗಳ ನಡುವೆ ವಾಸ. ಇಲ್ಲಿ ಇದನ್ನು ನೀರುಕಡ್ಡಿ ಅಂತ ಕರೆಯೋಣ. ಎರಡಕ್ಕೂ ಪ್ರಭೇದದ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್, ಅದೂ 1758ರಲ್ಲೇ.

ಎರಡೂ ಹೊಂಚು ಹಾಕಿ ಕೂರುವ ಬೇಟೆಗಾರರು. ಎರಡಕ್ಕೂ ಮಡಚಿಕೊಳ್ಳುವ ಮುಂಗಾಲುಗಳಿವೆ. ಎರಡೂ ನಡೆಯುವುದು ಉಳಿದ ನಾಲ್ಕು ಕಾಲುಗಳ ಮೇಲೆ. ಬೇಟೆಯ ರೀತಿ ಒಂದೇ, ನೆಲೆ ಬೇರೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಪ್ರಭೇದದ ಮಟ್ಟಕ್ಕೆ ಇಳಿಯುವುದು ಮುಖ್ಯ. "ಸೂರ್ಯನ ಕುದುರೆ" ಅಂದರೆ ಸಾಕಾಗುವುದಿಲ್ಲ, ಏಕೆಂದರೆ ಆ ಗುಂಪಿನಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮ್ಯಾಂಟಿಸ್ ರೆಲಿಜಿಯೋಸಾವನ್ನು ಗುರುತಿಸುವುದು ಸುಲಭ. ಮುಂಗಾಲಿನ ಬುಡದ ತುಂಡಿನ ಒಳಬದಿಯಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಎಷ್ಟೋ ಸಲ ಅದರ ನಡುವೆ ಬಿಳಿ ಬೊಟ್ಟು ಕಾಣುತ್ತದೆ. ಮೈ ಬಣ್ಣವನ್ನು ನಂಬಬೇಡಿ. ಇದೇ ಪ್ರಭೇದ ಹಸಿರಾಗಿಯೂ ಇರುತ್ತದೆ, ಕಂದಾಗಿಯೂ ಇರುತ್ತದೆ.

ಹೆಜ್ಜೆ 2: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

"ಇವೆರಡರ ನಡುವೆ ಏನೇನು ವ್ಯತ್ಯಾಸ?" ಎಂಬುದು ಪ್ರಶ್ನೆಯೇ ಅಲ್ಲ. ಅದಕ್ಕೆ ಸಾವಿರ ಉತ್ತರ ಕೊಡಬಹುದು, ಸಾವಿರವೂ ಸರಿಯೇ. "ಅಲುಗಾಡದೆ ಕೂತು ಬೇಟೆ ಹಿಡಿಯುವ ಕೆಲಸವನ್ನು ಗಾಳಿಯಲ್ಲಿ ಮಾಡುವುದಕ್ಕೂ ನೀರಿನಲ್ಲಿ ಮಾಡುವುದಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದರೆ ಅದು ಪ್ರಶ್ನೆ. ಈಗ ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ರೆಕ್ಕೆಯ ನರಗಳ ವಿನ್ಯಾಸ ಬೇಡ. ಮುಂಗಾಲಿನ ದಪ್ಪ ಬೇಕು.

ಪ್ರಶ್ನೆ ಯಾವ ಬಗೆಯದು ಅಂತಲೂ ನೋಡಿಕೊಳ್ಳಿ. ಜೀವಿಯ ವರ್ತನೆಯ ಬಗ್ಗೆ ನಾಲ್ಕು ಬಗೆಯ ಪ್ರಶ್ನೆ ಕೇಳಬಹುದು ಎಂದು ಪ್ರಾಣಿಗಳ ವರ್ತನೆಯ ವಿಜ್ಞಾನಿ ನಿಕೋ ಟಿನ್‌ಬರ್ಗನ್ 1963ರಲ್ಲಿ ವಿಂಗಡಿಸಿ ಹೇಳಿದರು. ಅದು ಹೇಗೆ ಕೆಲಸ ಮಾಡುತ್ತದೆ? ಮರಿಯಿಂದ ದೊಡ್ಡದಾಗುವವರೆಗೆ ಹೇಗೆ ಬೆಳೆಯುತ್ತದೆ? ಬದುಕಲು ಏನು ಉಪಯೋಗ? ವಂಶದಲ್ಲಿ ಎಲ್ಲಿಂದ ಬಂತು? ಒಂದು ಬಗೆಯ ಪ್ರಶ್ನೆ ಕೇಳಿ ಇನ್ನೊಂದು ಬಗೆಯ ಉತ್ತರ ಕೊಟ್ಟುಬಿಡುವುದು ಇಂಥ ಬರಹಗಳಲ್ಲಿ ತುಂಬ ಸಾಮಾನ್ಯ. "ಮುಂಗಾಲು ಮಡಚಿಕೊಳ್ಳುವುದು ಹೇಗೆ?" ಎಂದು ಕೇಳಿ "ಬೇಟೆ ಹಿಡಿಯಲು" ಎಂದರೆ ಉತ್ತರ ತಪ್ಪಿತು.

ಹೆಜ್ಜೆ 3: ವಂಶಾವಳಿ ನೋಡಿ

ಇದು ಸಣ್ಣ ಹೆಜ್ಜೆ, ಆದರೆ ಬಿಡಬೇಡಿ. ಸೂರ್ಯನ ಕುದುರೆಯ ಹತ್ತಿರದ ನೆಂಟರು ಜಿರಲೆ ಮತ್ತು ಗೆದ್ದಲು. ನೀರುಕಡ್ಡಿ ತಿಗಣೆಯ ಕಡೆಯದು. ಗಿಡಹೇನು, ಜಿಗಿಹುಳ ಇವೆಲ್ಲ ಅದೇ ಗಣ. ಈ ಎರಡು ಕವಲುಗಳು 30 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು.

ಅಂದರೆ ಮಡಚುವ ಮುಂಗಾಲು ಇಬ್ಬರಿಗೂ ಒಂದೇ ಅಜ್ಜಿಯಿಂದ ಬಂದ ಆಸ್ತಿಯಲ್ಲ. ಇಬ್ಬರೂ ಬೇರೆ ಬೇರೆಯಾಗಿ ಸಂಪಾದಿಸಿದ್ದು. ಹೀಗಾಗಿ ಇಲ್ಲಿ ಸಾಮ್ಯ ಕಂಡಲ್ಲಿ ಬೆರಗಾಗಬೇಕು, ಅದಕ್ಕೊಂದು ಕಾರಣ ಹುಡುಕಬೇಕು. ಹತ್ತಿರದ ನೆಂಟರನ್ನು ಹೋಲಿಸುವಾಗ ಇದು ತಿರುಗುಮುರುಗು. ಅಲ್ಲಿ ಸಾಮ್ಯ ಸಹಜ, ವ್ಯತ್ಯಾಸಕ್ಕೆ ಕಾರಣ ಬೇಕು.

ಹೆಜ್ಜೆ 4: ಕೀಟಕ್ಕಿಂತ ಮೊದಲು ನೆಲೆಯನ್ನು ಅಳೆಯಿರಿ

"ನೆಲೆ: ಕೊಳ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಬೇಟೆಗಾರನಿಗೆ ಕೊಳ ಎಂದರೆ ಕೆಲವು ಅಂಕಿಗಳು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಸುಮಾರು 50 ಪಟ್ಟು ಜಿಗುಟು. ಕಾಲನ್ನು ಜೋರಾಗಿ ಬೀಸಿದರೆ ನೀರು ತಡೆಯುತ್ತದೆ. ಅಷ್ಟೇ ಅಲ್ಲ, ಕಾಲು ಮುಂದೆ ಹೋಗುವಾಗ ಎದುರಿನ ನೀರನ್ನು ತಳ್ಳುತ್ತದೆ. ಆ ನೀರಿನ ಜೊತೆ ಮಿಕವೂ ಆಚೆ ತಳ್ಳಿಹೋಗಬಹುದು. ಗಾಳಿಯಲ್ಲಿ ಈ ತಲೆನೋವು ಇಲ್ಲವೆಂದೇ ಹೇಳಬೇಕು.

ಇನ್ನು ಉಸಿರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿಯಬಲ್ಲ ಆಮ್ಲಜನಕ ಸುಮಾರು 9 ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಅದು ಸುಮಾರು 280 ಮಿಲಿಗ್ರಾಂ ಇರುತ್ತದೆ. ಮೂವತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಬೆಳೆದು ದೊಡ್ಡದಾದ ನೀರುಕಡ್ಡಿ ನೀರಿನಲ್ಲಿದ್ದರೂ ಉಸಿರಾಡುವುದು ಮೇಲಿನ ಗಾಳಿಯನ್ನು. ಹಿಂಬದಿಯ ಆ ಬಾಲ ಬಾಲವೇ ಅಲ್ಲ. ಎರಡು ಅರ್ಧ ಕೊಳವೆಗಳು ಒಂದಕ್ಕೊಂದು ಸೇರಿ ಆದ ಉಸಿರುಕೊಳವೆ. ಅದರ ತುದಿ ನೀರಿನ ಮೇಲ್ಮೈಗೆ ತಾಗಬೇಕು. ತಲೆ ಕೆಳಗಾಗಿ, ಸಸ್ಯದ ಕಾಂಡ ಹಿಡಿದು, ಕೊಳವೆಯ ತುದಿಯನ್ನು ಮೇಲೆ ಚಾಚಿ ಅದು ಹೊಂಚು ಹಾಕುತ್ತದೆ.

ಇದರ ಪರಿಣಾಮ ನೋಡಿ. ಕೊಳ ಎರಡು ಮೀಟರ್ ಆಳವಿದ್ದರೂ ನೀರುಕಡ್ಡಿಯ ಬೇಟೆಯ ಜಾಗ ಮೇಲಿನ ಒಂದು ತೆಳು ಪದರ. ಮುಳುಗಿ ಸ್ವಲ್ಪ ಹೊತ್ತು ಇರಬಹುದು, ರೆಕ್ಕೆಯಡಿ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೆಮ್ಮದಿಯಾಗಿ ಕಾಯುವ ಜಾಗ ಮೇಲೆಯೇ. ಹಾಗಾಗಿ "ಜಲವಾಸಿ" ಎಂದು ಬರೆದು ಮುಂದೆ ಹೋದರೆ ಅರ್ಧ ವಿಷಯ ಕೈಬಿಟ್ಟಂತೆ. ಅದು ನೀರು ಮತ್ತು ಗಾಳಿಯ ಗಡಿಯಲ್ಲಿ ಬದುಕುವ ಜೀವಿ.

ಸ್ಥಳದಲ್ಲಿ ನೀವು ಬರೆದುಕೊಳ್ಳಬೇಕಾದ್ದು: ಕೀಟ ಕೂತಿದ್ದ ಎತ್ತರ ಅಥವಾ ಆಳ, ಅದು ಹಿಡಿದಿದ್ದ ಸಸ್ಯ, ನೆರಳೋ ಬಿಸಿಲೋ, ಹೊತ್ತು, ಉಷ್ಣಾಂಶ. ಉಷ್ಣಾಂಶವನ್ನು ಕೀಟ ಇದ್ದ ಜಾಗದಲ್ಲೇ ತೆಗೆದುಕೊಳ್ಳಿ. ಕೀಟಗಳ ಮೈಬಿಸಿ ಸುತ್ತಲಿನದನ್ನೇ ಅನುಸರಿಸುತ್ತದೆ. ಹುಲ್ಲಿನ ಮೇಲಿನ ಬಿಸಿ ಒಂದು ಮೋಡ ಬಂದರೆ ಇಳಿಯುತ್ತದೆ, ಕೊಳದ ನೀರು ನಿಧಾನವಾಗಿ ಬದಲಾಗುತ್ತದೆ. ಬೆಳಗ್ಗೆ ಚಳಿಗೆ ಮಂಕಾದ ಸೂರ್ಯನ ಕುದುರೆಯನ್ನು ಬೆಚ್ಚಗಿನ ನೀರಿನ ನೀರುಕಡ್ಡಿ ಜೊತೆ ಹೋಲಿಸಿದರೆ ನೀವು ಹೋಲಿಸಿದ್ದು ಉಷ್ಣಾಂಶವನ್ನು, ಕೀಟವನ್ನಲ್ಲ.

ಹೆಜ್ಜೆ 5: ಮುಂಗಾಲಿಗೆ ಜಾಸ್ತಿ ಹೊತ್ತು ಕೊಡಿ

ನಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಒಂದು ಕೈಮಸೂರ, ಒಂದು ಸಣ್ಣ ಸ್ಕೇಲು ಇದ್ದರೆ ಸಾಕು. ಸತ್ತ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಅಲುಗಾಡುವುದಿಲ್ಲ.

ಕೀಟದ ಕಾಲಿನಲ್ಲಿ ಬುಡದ ತುಂಡು, ತೊಡೆ, ಕೆಳಗಾಲು, ಪಾದ ಅಂತ ಮುಖ್ಯ ಭಾಗಗಳು. ಸಾಮಾನ್ಯವಾಗಿ ಬುಡದ ತುಂಡು ಚಿಕ್ಕದು, ಗಮನಕ್ಕೇ ಬರುವುದಿಲ್ಲ. ಆದರೆ ಈ ಎರಡು ಕೀಟಗಳಲ್ಲಿ ಮುಂಗಾಲಿನ ಬುಡದ ತುಂಡು ಉದ್ದವಾಗಿ ಬೆಳೆದಿದೆ. ಇದರಿಂದ ಕಾಲಿಗೆ ಇನ್ನೊಂದು ಕೀಲು ಸಿಕ್ಕಂತಾಗಿ ಚಾಚುವ ದೂರ ಹೆಚ್ಚುತ್ತದೆ. ಕೆಳಗಾಲು ತೊಡೆಯ ಮೇಲೆ ಮಡಚುವ ಚಾಕುವಿನ ಹಾಗೆ ಮುಚ್ಚಿಕೊಳ್ಳುತ್ತದೆ. ಎದೆಯ ಮೊದಲ ಭಾಗವೂ ಎರಡರಲ್ಲಿ ಉದ್ದ. ಹಾಗಾಗಿ ಮುಂಗಾಲುಗಳು ಉಳಿದ ಕಾಲುಗಳಿಂದ ಬಹಳ ಮುಂದೆ ಬಂದು ನಿಂತಿವೆ. 30 ಕೋಟಿ ವರ್ಷ ಬೇರೆಯಾಗಿದ್ದವರು ಇಷ್ಟು ವಿವರಗಳಲ್ಲಿ ಒಂದಾಗಿದ್ದಾರೆ.

ಈಗ ಇನ್ನೂ ಹತ್ತಿರದಿಂದ ನೋಡಿ. ಸೂರ್ಯನ ಕುದುರೆಯ ತೊಡೆ ದಪ್ಪ. ಒಳಬದಿಯಲ್ಲಿ ಎರಡು ಸಾಲು ಮುಳ್ಳು. ಕೆಳಗಾಲಿನಲ್ಲೂ ಎರಡು ಸಾಲು, ತುದಿಯಲ್ಲಿ ಬಾಗಿದ ಒಂದು ಕೊಕ್ಕೆ. ಮುಚ್ಚಿದಾಗ ಮುಳ್ಳುಗಳ ನಡುವೆ ಮಿಕ ಸಿಕ್ಕಿಕೊಳ್ಳುತ್ತದೆ. ಒದ್ದಾಡುವ ದೊಡ್ಡ ಮಿಡತೆಯನ್ನು ಹಿಡಿದಿಡಲು ಬೇಕಾದ ಸ್ನಾಯು ಆ ದಪ್ಪ ತೊಡೆಯೊಳಗಿದೆ.

ನೀರುಕಡ್ಡಿಯ ಮುಂಗಾಲು ಕಡ್ಡಿಯಷ್ಟೇ ತೆಳ್ಳಗೆ. ಮುಳ್ಳಿನ ಸಾಲುಗಳಿಲ್ಲ. ತೊಡೆಯ ಒಳಬದಿಯಲ್ಲಿ ಒಂದು ಹಲ್ಲಿನಂಥ ಚಾಚು ಮಾತ್ರ. ಗಿಡ್ಡ ಕೆಳಗಾಲು ಅದರ ಕಡೆಗೆ ಮುಚ್ಚಿಕೊಂಡು ಮಿಕವನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿಯುತ್ತದೆ.

ಏಕೆ ಹೀಗೆ? ನನ್ನ ಓದು ಇದು. ತೆಳ್ಳಗಿನ ಕಾಲಿಗೆ ನೀರಿನ ತಡೆ ಕಡಿಮೆ, ಎದುರಿನ ನೀರನ್ನು ತಳ್ಳುವುದೂ ಕಡಿಮೆ. ಮುಳ್ಳು ತುಂಬಿದ ದಪ್ಪ ಕಾಲು ನೀರಿನಲ್ಲಿ ದುಬಾರಿ. ಇನ್ನೊಂದು ಕಾರಣವೂ ಇರಬಹುದು. ನೀರುಕಡ್ಡಿ ಮಿಕವನ್ನು ಹಿಡಿದು ಜೊಲ್ಲು ಚುಚ್ಚಿಬಿಡುತ್ತದೆ, ಮಿಕ ಬೇಗ ಸುಮ್ಮನಾಗುತ್ತದೆ. ಸೂರ್ಯನ ಕುದುರೆಗೆ ಆ ಸೌಲಭ್ಯ ಇಲ್ಲ, ಒದ್ದಾಡುವುದನ್ನೇ ಹಿಡಿದುಕೊಂಡು ತಿನ್ನಬೇಕು. ಹಾಗಾಗಿ ಮುಳ್ಳು ಬೇಕು. ಅಂದರೆ ಕಾಲಿನ ವ್ಯತ್ಯಾಸಕ್ಕೆ ನೀರೂ ಕಾರಣವಾಗಿರಬಹುದು, ಬಾಯಿಯೂ ಕಾರಣವಾಗಿರಬಹುದು. ಈ ಎರಡನ್ನೂ ಬರೆದಿಡಿ. ಒಂದನ್ನೇ ಹಿಡಿದು "ನೆಲೆಗೆ ತಕ್ಕ ಹೊಂದಾಣಿಕೆ" ಅಂದುಬಿಡಬೇಡಿ.

ಅಳತೆಯಲ್ಲಿ ಒಂದು ಎಚ್ಚರ. ಹೆಣ್ಣು ಮ್ಯಾಂಟಿಸ್ ರೆಲಿಜಿಯೋಸಾ 7 ಸೆಂಟಿಮೀಟರ್ ದಾಟುತ್ತದೆ. ನೀರುಕಡ್ಡಿಯ ಮೈ ಕೊಳವೆ ಬಿಟ್ಟು 3ರಿಂದ 3.5 ಸೆಂಟಿಮೀಟರ್. ಹಾಗಾಗಿ ಮಿಲಿಮೀಟರ್‌ಗಳನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ. ತೊಡೆಯ ಉದ್ದ ಭಾಗಿಸು ದಪ್ಪ, ತೊಡೆಯ ಉದ್ದ ಭಾಗಿಸು ಮೈ ಉದ್ದ ಅಂತ ಅನುಪಾತ ತೆಗೆಯಿರಿ. ಮೈ ಉದ್ದಕ್ಕೆ ಉಸಿರುಕೊಳವೆ ಸೇರಿಸಿದ್ದೀರೋ ಇಲ್ಲವೋ ಅಂತಲೂ ಬರೆಯಿರಿ, ಇಲ್ಲವಾದರೆ ಓದುವವರಿಗೆ ಗೊಂದಲ.

ಹೆಜ್ಜೆ 6: ಮಿಕ ಬಂದಿದ್ದು ಹೇಗೆ ಗೊತ್ತಾಗುತ್ತದೆ?

ಸೂರ್ಯನ ಕುದುರೆಯ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದಲ್ಲ, ನೀವು ಯಾವ ಕಡೆ ಹೋದರೂ ಅದು ನಿಮ್ಮನ್ನೇ ನೋಡುತ್ತಿರುತ್ತದೆ. ಅದು ನಿಜವಾದ ಪಾಪೆ ಅಲ್ಲ. ನಿಮ್ಮ ಕಡೆ ಮುಖ ಮಾಡಿರುವ ಕಣ್ಣಿನ ಘಟಕಗಳು ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ಕೀಟ ನಿಜವಾಗಿಯೂ ನೋಡುತ್ತಿದೆಯೋ ಅಂತ ತಿಳಿಯಲು ಬೇರೆ ಗುರುತಿದೆ. ಅದು ತಲೆಯನ್ನೇ ನಿಮ್ಮ ಕಡೆ ತಿರುಗಿಸುತ್ತದೆ. ಕೀಟಗಳಲ್ಲಿ ಇಷ್ಟು ಸಲೀಸಾಗಿ ಕತ್ತು ತಿರುಗಿಸುವುದು ಅಪರೂಪ.

ಎರಡು ಕಣ್ಣು ಸೇರಿಸಿ ದೂರ ಅಳೆಯುವ ಶಕ್ತಿ ಅದಕ್ಕಿದೆ. ಸ್ಯಾಮ್ಯುಯೆಲ್ ರೋಸೆಲ್ ಇದನ್ನು 1983ರಲ್ಲಿ ಒಂದು ಸೂರ್ಯನ ಕುದುರೆಯ ಕಣ್ಣಿನ ಮುಂದೆ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜು, ಇಟ್ಟು ತೋರಿಸಿದರು. ಮಿಕ ಇರುವ ಜಾಗ ಬಿಟ್ಟು ಪ್ರಿಸಂ ತೋರಿಸಿದ ದೂರಕ್ಕೆ ಅದು ಕಾಲು ಬೀಸಿತು. ಆಮೇಲೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಜೆನ್ನಿ ರೀಡ್ ತಂಡದವರು ಜೇನುಮೇಣದಿಂದ ಪುಟ್ಟ 3ಡಿ ಕನ್ನಡಕ ಅಂಟಿಸಿ ಪರೀಕ್ಷೆ ಮಾಡಿದರು. ಇವೆರಡೂ ಬೇರೆ ಪ್ರಭೇದಗಳ ಮೇಲೆ ಆದವು. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ "ಸೂರ್ಯನ ಕುದುರೆಗಳಲ್ಲಿ ಕಂಡದ್ದು" ಅಂತ ಬರೆಯಿರಿ, ಮ್ಯಾಂಟಿಸ್ ರೆಲಿಜಿಯೋಸಾದ ಹೆಸರಿಗೆ ಹಾಕಬೇಡಿ. ಎರವಲು ಮಾಹಿತಿಯನ್ನು ಎರವಲು ಅಂತಲೇ ಗುರುತು ಮಾಡುವುದು ಒಳ್ಳೆಯ ಅಭ್ಯಾಸ.

ನೀರುಕಡ್ಡಿಗೂ ಉಬ್ಬಿದ ಕಣ್ಣುಗಳಿವೆ, ಅವುಗಳನ್ನು ಬಳಸುತ್ತದೆ ಕೂಡ. ಆದರೆ ನೀರು ಕದಡಿರುತ್ತದೆ, ಸಸ್ಯ ಅಡ್ಡ ಬರುತ್ತದೆ. ಅಲ್ಲಿ ಇನ್ನೊಂದು ದಾರಿ ಉಪಯೋಗಕ್ಕೆ ಬರುತ್ತದೆ. ಈಜುವ ಮಿಕ ನೀರನ್ನು ಅಲುಗಿಸುತ್ತದೆ, ಆ ಕಂಪನ ಅದಕ್ಕೆ ಗೊತ್ತಾಗುತ್ತದೆ.

ಇದನ್ನು ನೀವೇ ಸರಳವಾಗಿ ಪರೀಕ್ಷಿಸಬಹುದು. ಸತ್ತ ಮಿಕವೊಂದನ್ನು ತೆಳು ತಂತಿಯ ತುದಿಗೆ ಸಿಕ್ಕಿಸಿ. ಮೊದಲು ಅಲುಗಿಸದೆ ತೋರಿಸಿ. ಆಮೇಲೆ ಅಲುಗಿಸಿ ತೋರಿಸಿ. ಸೂರ್ಯನ ಕುದುರೆಯ ಪಾತ್ರೆಯಲ್ಲಿ ಗಾಜಿನ ಆಚೆ ಅಲುಗಿಸಿ ನೋಡಿ: ಕಣ್ಣಿಗೆ ಕಾಣುತ್ತದೆ, ಕಂಪನ ಮುಟ್ಟುವುದಿಲ್ಲ. ನೀರುಕಡ್ಡಿಗೆ ಇದನ್ನೇ ಮಾಡಿ, ಜೊತೆಗೆ ಅದರ ಹಿಂದಿನಿಂದ, ಕಣ್ಣಿಗೆ ಬೀಳದಂತೆ ನೀರಿನೊಳಗೇ ಮೆಲ್ಲಗೆ ಅಲುಗಿಸಿ. ಎರಡರ ಪ್ರತಿಕ್ರಿಯೆಯನ್ನು ತಲೆ ತಿರುಗಿಸಿತು, ಕಾಲು ಸಜ್ಜು ಮಾಡಿತು, ಬೀಸಿತು, ಏನೂ ಮಾಡಲಿಲ್ಲ ಅಂತ ಗುರುತು ಹಾಕಿಕೊಳ್ಳಿ.

ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಇಂದ್ರಿಯಗಳೂ ಇವೆ. ಎರಡಕ್ಕೂ ಹೊಂದುವ ಸಾಲುಗಳನ್ನೇ ಪಟ್ಟಿಯಲ್ಲಿ ಬರೆದರೆ ಇವು ಕಾಣೆಯಾಗುತ್ತವೆ. ಮ್ಯಾಂಟಿಸ್ ರೆಲಿಜಿಯೋಸಾಗೆ ಎದೆಯ ಅಡಿಯಲ್ಲಿ, ನಟ್ಟನಡುವೆ, ಒಂದೇ ಒಂದು ಕಿವಿ ಇದೆ. ಸಂಶೋಧಕರಾದ ಯೇಗರ್ ಮತ್ತು ಹೋಯ್ ಇದನ್ನು 1986ರಲ್ಲಿ ವರದಿ ಮಾಡಿದರು. ಅದು ಕೇಳಿಸಿಕೊಳ್ಳುವುದು ಮನುಷ್ಯರಿಗೆ ಕೇಳದ ಎತ್ತರದ ಸದ್ದನ್ನು. ರಾತ್ರಿ ಹಾರುವಾಗ ಬಾವಲಿಯ ಸದ್ದು ಕೇಳಿ ತಪ್ಪಿಸಿಕೊಳ್ಳಲು ಸೂರ್ಯನ ಕುದುರೆಗಳಿಗೆ ಇಂಥ ಕಿವಿ ನೆರವಾಗುತ್ತದೆ. ನೀರುಕಡ್ಡಿಯ ಹೊಟ್ಟೆಯ ಅಡಿಯಲ್ಲಿ ಮೂರು ಜೊತೆ ಪುಟ್ಟ ಅಂಗಗಳಿವೆ. ನೀರಿನ ಒತ್ತಡದ ವ್ಯತ್ಯಾಸ ಹಿಡಿದು ಮೇಲ್ಮೈ ಯಾವ ಕಡೆ ಅಂತ ತಿಳಿಸುವುದು ಅವುಗಳ ಕೆಲಸ. ಉಸಿರಿಗಾಗಿ ಮೇಲೆ ಬರಲೇಬೇಕಾದ ಜೀವಿಗೆ ಇದು ಸಣ್ಣ ವಿಷಯವಲ್ಲ.

ಹೆಜ್ಜೆ 7: ಸಾಕುವಾಗ ಎರಡಕ್ಕೂ ನ್ಯಾಯ ಮಾಡಿ

ಹಿಡಿಯುವ ಮೊದಲು ಕಾನೂನು ನೋಡಿ. ಉದಾಹರಣೆಗೆ ಜರ್ಮನಿಯಲ್ಲಿ ಮ್ಯಾಂಟಿಸ್ ರೆಲಿಜಿಯೋಸಾಗೆ ಕಾನೂನಿನ ರಕ್ಷಣೆ ಇದೆ.

ಒಂದು ಪಾತ್ರೆಗೆ ಒಂದೇ ಕೀಟ. ಎರಡೂ ತಮ್ಮವರನ್ನೇ ತಿನ್ನಬಲ್ಲವು. ಸೂರ್ಯನ ಕುದುರೆಗೆ ಅದರ ಮೈಯ ಮೂರು ಪಟ್ಟಾದರೂ ಎತ್ತರದ ಜಾಗ, ತಲೆಕೆಳಗಾಗಿ ನೇತಾಡಲು ಒರಟು ಮೇಲ್ಭಾಗ ಬೇಕು. ಪೊರೆ ಕಳಚುವಾಗ ಜಾಗ ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ನೀರುಕಡ್ಡಿಗೆ ಆಳ ಬೇಡ. ಕ್ಲೋರಿನ್ ಇಲ್ಲದ ನೀರು, ಮೇಲ್ಮೈವರೆಗೆ ಏರಿ ಕೂರಲು ಕಡ್ಡಿ ಅಥವಾ ಸಸ್ಯ, ಮೇಲೊಂದು ಮುಚ್ಚಳ. ಮುಚ್ಚಳ ಏಕೆಂದರೆ ಅದು ಹಾರಬಲ್ಲದು. ರೆಕ್ಕೆ ಬಿಚ್ಚಿದಾಗ ಹೊಟ್ಟೆಯ ಮೇಲಿನ ಕೆಂಪು ಕಾಣುತ್ತದೆ, ನೋಡಲು ಚೆಂದ. ಕೈಯಲ್ಲಿ ಹಿಡಿಯುವಾಗ ಜೋಪಾನ, ಅದರ ಸೊಂಡಿಲು ಚುಚ್ಚಿದರೆ ನೋವಾಗುತ್ತದೆ.

ಪ್ರಯೋಗಕ್ಕೆ ಮುಂಚೆ ಎರಡನ್ನೂ ಸಮಾನವಾಗಿ ಹಸಿದಿರಿಸಿ. ಹಸಿವು ಬೇರೆ ಇದ್ದರೆ ವರ್ತನೆಯೇ ಬೇರೆ. ಹೆಣ್ಣು ಸೂರ್ಯನ ಕುದುರೆ ಗಂಡನ್ನು ತಿನ್ನುತ್ತದೆ ಎಂಬ ಖ್ಯಾತ ಕಥೆಯನ್ನೇ ನೋಡಿ. ಅದು ನಡೆಯುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಸಲವೂ ಅಲ್ಲ. ಹೆಣ್ಣು ಹಸಿದಿದ್ದಾಗ, ಗಂಡು ಓಡಿಹೋಗಲಾರದಷ್ಟು ಸಣ್ಣ ಪಂಜರದಲ್ಲಿದ್ದಾಗ ಅದು ಜಾಸ್ತಿ. ಪಂಜರದಲ್ಲಿ ಕಂಡದ್ದನ್ನು ಪ್ರಭೇದದ ಸ್ವಭಾವ ಎಂದು ಬರೆಯುವ ಮುಂಚೆ ಇದನ್ನು ನೆನಪಿಡಿ.

ಹೆಜ್ಜೆ 8: ಹೊಡೆತವನ್ನು ಚಿತ್ರೀಕರಿಸಿ

ಕಣ್ಣಿಗೆ ಹೊಡೆತ ಕಾಣುವುದಿಲ್ಲ. ಮಿಕ ಗಿಡದ ಮೇಲಿತ್ತು, ಈಗ ಕಾಲಿನಲ್ಲಿದೆ, ಅಷ್ಟೇ. ಸೂರ್ಯನ ಕುದುರೆಗಳ ಹೊಡೆತ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚೌಕಟ್ಟು. ಒಂದೊಂದರ ನಡುವೆ 33 ಮಿಲಿಸೆಕೆಂಡ್. ಹೊಡೆತ 60 ಮಿಲಿಸೆಕೆಂಡ್ ಇದ್ದರೆ ನಿಮಗೆ ಸಿಗುವುದು ಎರಡೇ ಚಿತ್ರ. ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚೌಕಟ್ಟು ಇಟ್ಟರೆ ಸುಮಾರು 14 ಚಿತ್ರ ಸಿಗುತ್ತದೆ. ಅಷ್ಟರಲ್ಲಿ ಕಾಲು ಯಾವಾಗ ಬಿಚ್ಚಿತು, ಯಾವಾಗ ಮುಚ್ಚಿತು ಅಂತ ಎಣಿಸಬಹುದು. ಬೆಳಕು ಚೆನ್ನಾಗಿರಲಿ. ಕ್ಯಾಮೆರಾ ಬದಿಯಿಂದ, ಕಾಲು ಬೀಸುವ ದಿಕ್ಕಿಗೆ ಅಡ್ಡಲಾಗಿ ಇರಲಿ. ಹಿಂದೆ ಒಂದು ಗೆರೆ ಕಾಗದ ಅಂಟಿಸಿ, ದೂರ ಅಳೆಯಲು ಬೇಕು. ನೀರುಕಡ್ಡಿಗೆ ಚಪ್ಪಟೆ ಗಾಜಿನ ತೊಟ್ಟಿಯೇ ಇರಲಿ. ಗುಂಡು ಪಾತ್ರೆ ಚಿತ್ರವನ್ನು ತಿರುಚುತ್ತದೆ.

ಮಿಕದ ವೇಗವನ್ನೂ ಬರೆಯಿರಿ. ಸೂರ್ಯನ ಕುದುರೆಯ ಹೊಡೆತ ಯಾವಾಗಲೂ ಒಂದೇ ರೀತಿ ಎಂದು ಬಹಳ ಕಾಲ ಅಂದುಕೊಂಡಿದ್ದರು. ಸಸೆಕ್ಸ್ ವಿಶ್ವವಿದ್ಯಾಲಯದ ರೊಸ್ಸೋನಿ ಮತ್ತು ನಿವೆನ್ 2020ರಲ್ಲಿ ಒಂದು ಪ್ರಭೇದದಲ್ಲಿ ಬೇರೆಯದನ್ನೇ ತೋರಿಸಿದರು. ಮಿಕ ಎಷ್ಟು ವೇಗವಾಗಿ ಹೋಗುತ್ತಿದೆ ಎಂಬುದಕ್ಕೆ ತಕ್ಕಂತೆ ಅದು ಹೊಡೆತದ ವೇಗ ಹೊಂದಿಸಿಕೊಳ್ಳುತ್ತದೆ. ಹಾಗಾದರೆ ನೊಣ ಹಿಡಿದ ಸೂರ್ಯನ ಕುದುರೆಯನ್ನೂ ನಿಧಾನವಾಗಿ ತೇಲುವ ಮಿಕ ಹಿಡಿದ ನೀರುಕಡ್ಡಿಯನ್ನೂ ಪಕ್ಕದಲ್ಲಿಟ್ಟು "ಒಂದು ಚುರುಕು, ಇನ್ನೊಂದು ಮಂದ" ಅನ್ನಲಾಗದು. ಮಿಕದ ಗಾತ್ರವನ್ನು ಬೇಟೆಗಾರನ ತೊಡೆಯ ಉದ್ದಕ್ಕೆ ಹೋಲಿಸಿ ಹೊಂದಿಸಿ. ತೊಡೆಯ ಅರ್ಧದಷ್ಟು ಉದ್ದದ ಮಿಕ ಅಂದುಕೊಂಡರೆ ಎರಡಕ್ಕೂ ಅರ್ಧದಷ್ಟೇ ಇರಲಿ.

ಹೆಜ್ಜೆ 9: ತಿನ್ನುವುದನ್ನು ಲೆಕ್ಕ ಹಾಕಿ

ಎಷ್ಟು ಮಿಕ ಕೊಟ್ಟರೆ ಎಷ್ಟು ತಿನ್ನುತ್ತದೆ? ಪರಿಸರ ವಿಜ್ಞಾನಿ ಸಿ. ಎಸ್. ಹಾಲಿಂಗ್ 1959ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅವರ ಪ್ರಯೋಗ ಮಜವಾದದ್ದು. ಸಹಾಯಕರೊಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಮೇಜಿನ ಮೇಲೆ ಹರಡಿದ ಮರಳುಕಾಗದದ ಬಿಲ್ಲೆಗಳನ್ನು ಬೆರಳಿನಿಂದ ತಟ್ಟಿ ಹುಡುಕಿ ತೆಗೆಯಲು ಹೇಳಿದರು. ಬಿಲ್ಲೆ ಹೆಚ್ಚಿದಂತೆ ಸಿಗುವುದು ಹೆಚ್ಚಿತು, ಆದರೆ ಒಂದು ಹಂತದ ಮೇಲೆ ನಿಂತಿತು. ಏಕೆಂದರೆ ಸಿಕ್ಕ ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಡಲೂ ಹೊತ್ತು ಬೇಕು.

ಬೇಟೆಗಾರನಿಗೂ ಹಾಗೇ. ಒಂದು ಮಿಕವನ್ನು ಹಿಡಿದು ತಿಂದು ಮುಗಿಸಲು 20 ನಿಮಿಷ ಬೇಕು ಅಂದುಕೊಳ್ಳೋಣ. ಆರು ಗಂಟೆಯಲ್ಲಿ ಹೆಚ್ಚೆಂದರೆ 18. ಸುತ್ತ ಸಾವಿರ ಮಿಕ ಇದ್ದರೂ 18ನ್ನು ದಾಟಲಾಗದು. ಸೂತ್ರದಲ್ಲಿ ಎರಡು ಅಂಕಿಗಳಿವೆ. ಒಂದು, ಗಂಟೆಗೆ ಎಷ್ಟು ಜಾಗವನ್ನು ಹುಡುಕುತ್ತದೆ. ಇನ್ನೊಂದು, ಒಂದು ಮಿಕಕ್ಕೆ ಎಷ್ಟು ಹೊತ್ತು.

ಇಲ್ಲಿ ನೆಲೆ ಬೇರೆಯಾಗಿರುವವರಿಗೆ ಒಂದು ಬಲೆ ಇದೆ. ನೀರುಕಡ್ಡಿ ಹುಡುಕುವ ಜಾಗವನ್ನು ಲೀಟರ್‌ನಲ್ಲಿ ಹೇಳಬೇಕು. ಗಿಡದ ಮೇಲಿನ ಸೂರ್ಯನ ಕುದುರೆಗೆ ಎಲೆಯ ವಿಸ್ತೀರ್ಣದಲ್ಲಿ ಹೇಳಬೇಕಾಗಬಹುದು. ಲೀಟರನ್ನೂ ಚದರ ಸೆಂಟಿಮೀಟರನ್ನೂ ಹೋಲಿಸಲು ಬರುವುದಿಲ್ಲ. ಆ ಅಂಕಿಯನ್ನು ಬಿಡಿ, ಒಂದು ಮಿಕಕ್ಕೆ ಬೇಕಾದ ಹೊತ್ತನ್ನು ಹೋಲಿಸಿ. ಗಂಟೆ ನೀರಿನಲ್ಲೂ ಗಂಟೆಯೇ.

ಆ ಹೊತ್ತು ಯಾವಾಗ ಮುಗಿಯಿತು ಅಂತ ತೀರ್ಮಾನಿಸುವುದು ಮಾತ್ರ ಸುಲಭವಲ್ಲ. ಸೂರ್ಯನ ಕುದುರೆ ಅಗಿದು ತಿನ್ನುತ್ತದೆ. ಕೊನೆಗೆ ರೆಕ್ಕೆ, ಕಾಲಿನ ಚೂರು ಬೀಳುತ್ತವೆ, ಮುಂಗಾಲು ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ. ಮುಗಿಯಿತು ಅಂತ ಗೊತ್ತಾಗುತ್ತದೆ. ನೀರುಕಡ್ಡಿ ಜೊಲ್ಲು ಬಿಟ್ಟು ಒಳಗಿನದನ್ನು ಕರಗಿಸಿ ಹೀರುತ್ತದೆ. ಮೊದಲು ಬೇಗ ಬರುತ್ತದೆ, ಆಮೇಲೆ ಹನಿ ಹನಿ. ಇಂಥ ಬೇಟೆಗಾರರು ಸುತ್ತ ಮಿಕ ಜಾಸ್ತಿ ಇದ್ದರೆ ಅರ್ಧ ಹೀರಿದ್ದನ್ನೇ ಬಿಟ್ಟು ಇನ್ನೊಂದಕ್ಕೆ ಕೈಹಾಕುವುದುಂಟು. ಹಾಗಾಗಿ ಕೊಂದ ಸಂಖ್ಯೆ ಬೇರೆ, ತಿಂದ ಪ್ರಮಾಣ ಬೇರೆ. ಎರಡನ್ನೂ ಬೇರೆ ಬೇರೆ ಬರೆಯಿರಿ. ತೂಕದ ಯಂತ್ರ ಇದ್ದರೆ ಮಿಕದ ತೂಕ ಮೊದಲು, ಉಳಿದ ಸಿಪ್ಪೆಯ ತೂಕ ಆಮೇಲೆ.

ಒಂದೇ ಸೂರ್ಯನ ಕುದುರೆಯನ್ನು ಇಪ್ಪತ್ತು ಸಲ ನೋಡಿದರೆ ಇಪ್ಪತ್ತು ಮಾದರಿ ಆಗುವುದಿಲ್ಲ. ಅದು ಒಂದೇ ಕೀಟ. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಪರಿಸರ ವಿಜ್ಞಾನಿಗಳನ್ನು ಈ ವಿಷಯಕ್ಕೆ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು. ಆದರೂ ಇದು ನಿಂತಿಲ್ಲ. ಬೇರೆ ಬೇರೆ ಕೀಟ ನೋಡಿ. ಅದು ಆಗದಿದ್ದರೆ "ಒಂದು ಕೀಟ, ಇಪ್ಪತ್ತು ಸಲ" ಅಂತಲೇ ಬರೆಯಿರಿ.

ಹೆಜ್ಜೆ 10: ಕ್ಯಾಲೆಂಡರ್ ಹೊಂದಿಸಿ

ಸಮಶೀತೋಷ್ಣ ಯುರೋಪಿನಲ್ಲಿ ಮೇ ಕೊನೆಗೆ ಹೊರಟರೆ ಏನು ಸಿಗುತ್ತದೆ? ಸೂರ್ಯನ ಕುದುರೆ ಚಳಿಗಾಲ ಕಳೆಯುವುದು ಮೊಟ್ಟೆಯಾಗಿ, ನೊರೆ ಗಟ್ಟಿಯಾದ ಗೂಡಿನೊಳಗೆ. ಆಗಷ್ಟೇ ಹೊರಬಂದ ಮರಿ ಒಂದು ಸೆಂಟಿಮೀಟರ್ ಆಸುಪಾಸು. ನೀರುಕಡ್ಡಿ ಚಳಿಗಾಲ ಕಳೆಯುವುದು ದೊಡ್ಡದಾದ ಮೇಲೆಯೇ. ಅಂದರೆ ಒಂದೇ ದಿನ ನೀವು ಹಿಡಿದದ್ದು ಒಂದು ಎಳೆ ಮರಿ, ಒಂದು ಪ್ರಾಯದ ಬೇಟೆಗಾರ. ಅಲ್ಲಿನ ಬೇಸಿಗೆಯ ಕೊನೆಯಲ್ಲಿ, ಅಂದರೆ ಆಗಸ್ಟ್ ಹೊತ್ತಿಗೆ ಹೋದರೆ ಎರಡೂ ಪ್ರಾಯದವು ಸಿಗುತ್ತವೆ.

ಮೊಟ್ಟೆಯಲ್ಲೂ ನೆಲೆಯ ಗುರುತಿದೆ. ಸೂರ್ಯನ ಕುದುರೆಯ ನೊರೆಗೂಡು ಒಣಗದಂತೆ ಕಾಯುತ್ತದೆ. ನೀರುಕಡ್ಡಿ ಜಲಸಸ್ಯದೊಳಗೆ ಮೊಟ್ಟೆ ತೂರಿಸುತ್ತದೆ. ಪ್ರತಿ ಮೊಟ್ಟೆಯಿಂದ ಎರಡು ಉದ್ದ ಎಳೆಗಳು ಹೊರಗೆ ಚಾಚಿರುತ್ತವೆ. ಮೊಟ್ಟೆ ಉಸಿರಾಡುವುದು ಅವುಗಳಿಂದಲೇ.

ಹೆಜ್ಜೆ 11: ಬರೆಯುವ ಮೊದಲು ಮೂರನೆಯದನ್ನು ಕರೆತನ್ನಿ

ಈಗ ಕೈಯಲ್ಲಿ ಅಂಕಿಗಳಿವೆ. "ನೀರಿನಲ್ಲಿ ಬದುಕುವುದರಿಂದ ನೀರುಕಡ್ಡಿಯ ಮುಂಗಾಲು ತೆಳ್ಳಗಾಯಿತು" ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬೇಡಿ. ಜೀವವಿಜ್ಞಾನಿಗಳಾದ ಗಾರ್ಲೆಂಡ್ ಮತ್ತು ಅಡಾಲ್ಫ್ 1994ರಲ್ಲಿ ಇದನ್ನೇ ವಿವರವಾಗಿ ಎತ್ತಿ ತೋರಿಸಿದರು. ಯಾವ ಎರಡು ಪ್ರಭೇದಗಳನ್ನು ತೆಗೆದುಕೊಂಡರೂ ಏನಾದರೂ ವ್ಯತ್ಯಾಸ ಇದ್ದೇ ಇರುತ್ತದೆ. ಅದು ನೀವು ಊಹಿಸಿದ ಕಡೆಗೇ ವಾಲುವ ಸಾಧ್ಯತೆ ಸುಮ್ನೆ ನಾಣ್ಯ ಚಿಮ್ಮಿದರೂ ಅರ್ಧಕ್ಕರ್ಧ. ಎರಡು ಪ್ರಭೇದಗಳಿಂದ "ಹೀಗಿದೆ" ಎನ್ನಬಹುದು, "ಹೀಗಿರಲು ನೆಲೆಯೇ ಕಾರಣ" ಎನ್ನಲಾಗದು.

ಅದಕ್ಕೆ ಪ್ರತಿ ಬದಿಗೂ ಇನ್ನೊಂದೊಂದು ಕೀಟವನ್ನು ಸೇರಿಸಿ. ನೀರುಕಡ್ಡಿಯ ಕುಟುಂಬದಲ್ಲೇ ನೇಪಾ ಸಿನೇರಿಯಾ ಎಂಬ ಇನ್ನೊಂದು ಕೀಟವಿದೆ. ಅದೂ ನಿಂತ ನೀರಿನದು, ಆದರೆ ದಡದ ಆಳವಿಲ್ಲದ ಕೆಸರು, ಕೊಳೆತ ಎಲೆಗಳ ನಡುವೆ ಕೂರುತ್ತದೆ. ಉಸಿರುಕೊಳವೆ ಅದಕ್ಕೂ ಇದೆ, ಹಾಗಾಗಿ ಅದು ಕುಟುಂಬದ ಆಸ್ತಿ. ಒತ್ತಡ ತಿಳಿಯುವ ಅಂಗಗಳೂ ಹಾಗೆಯೇ. ಮೈ ಮಾತ್ರ ಎಲೆಯಂತೆ ಚಪ್ಪಟೆ, ಮುಂಗಾಲಿನ ತೊಡೆ ಗಿಡ್ಡ ಮತ್ತು ದಪ್ಪ. ನೀರಿನಲ್ಲೇ ಇದ್ದೂ ದಪ್ಪ! ಹಾಗಾದರೆ ತೆಳ್ಳಗಿನ ಕಾಲಿಗೆ ನೀರೊಂದೇ ಕಾರಣ ಎಂಬ ವಾದ ಇಲ್ಲಿ ಸಡಿಲವಾಯಿತು. ಸಸ್ಯದ ಕಾಂಡಗಳ ನಡುವೆ ತೂಗುತ್ತಾ, ತೆರೆದ ನೀರಿಗೆ ದೂರ ಕಾಲು ಚಾಚುವುದು ಕಾರಣವೇ? ಕಡ್ಡಿಯಂತೆ ಕಂಡು ಮರೆಯಾಗುವುದು ಕಾರಣವೇ? ಮುಂದಿನ ಅಳತೆ ಇದಕ್ಕೆ.

ಸೂರ್ಯನ ಕುದುರೆಯ ಬದಿಗೆ ಮ್ಯಾಂಟಿಸ್‌ಪಿಡ್ ಕೀಟಗಳನ್ನು ಇಡಿ. ನೋಡಲು ಪುಟ್ಟ ಸೂರ್ಯನ ಕುದುರೆಯಂತೆ ಇವೆ, ಅದೇ ಮುಳ್ಳಿನ ಮಡಚುಗಾಲು. ನೆಂಟಸ್ತನ ಮಾತ್ರ ಜಾಲರಿ ರೆಕ್ಕೆಯ ಕೀಟಗಳ ಜೊತೆ. ಗಿಡದ ಮೇಲೆ, ಗಾಳಿಯಲ್ಲಿ, ಇನ್ನೊಂದು ವಂಶವೂ ಮುಳ್ಳಿನ ದಪ್ಪ ತೊಡೆಯನ್ನೇ ಕಂಡುಕೊಂಡಿದೆ. ಅವುಗಳ ತೊಡೆಯ ಉದ್ದ ಮತ್ತು ದಪ್ಪದ ಅನುಪಾತ ತೆಗೆದು, ಸೂರ್ಯನ ಕುದುರೆ, ನೀರುಕಡ್ಡಿ, ನೇಪಾ ಮೂರರ ಪಕ್ಕದಲ್ಲಿ ಬರೆಯಿರಿ. ನಾಲ್ಕು ಅಂಕಿ ಪಕ್ಕಪಕ್ಕ ಬಂದಾಗ ವರದಿಯ ಮೊದಲ ಸಾಲು ಏನಿರಬೇಕು ಎಂಬುದನ್ನು ತೀರ್ಮಾನಿಸಿ.